ಫೈನ್ ಕಟ್ಟಿದರೂ ಮುಗಿಯದ ಕೇಸು

"ಸಾರ್, ಸಣ್ಣ ಆಕ್ಸಿಡೆಂಟ್ ಕೇಸು. ತಪ್ಪು ಒಪ್ಕೊಂಡು ಫೈನ್ ಕಟ್ಬಿಡ್ತೀನಿ, ಮಧ್ಯಾಹ್ನದ ಪಾಳಿಗೆ ಹೋಗ್ಬೇಕು." ತುಮಕೂರಿನ ಕೋರ್ಟಿನ ಆವರಣದಲ್ಲಿ ಈ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಹೇಳುವವರು ಹೆಚ್ಚಾಗಿ ವಸಂತನರಸಾಪುರದ ಕಾರ್ಖಾನೆಗಳಿಗೆ ಬೈಕಿನಲ್ಲಿ ಓಡಾಡುವ ಹುಡುಗರು, ಇಲ್ಲವೇ ಸಿರಾ, ಗುಬ್ಬಿ ಕಡೆಯಿಂದ ಲಗೇಜ್ ಆಟೊ ಓಡಿಸುವವರು. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಿಕೊಳ್ಳುತ್ತಿರುವುದು ಏನನ್ನು ಎಂದು ಕೇಳಿದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ ಕಟ್ಟಬಹುದು. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಕುಡಿದು ಓಡಿಸಿದ್ದಕ್ಕೆ ಈ ದಾರಿಯಿಲ್ಲ, 185ನೇ ಕಲಮಿನ ಕೇಸು ಕೋರ್ಟಿಗೇ ಬರಬೇಕು. ಮೊದಲ ಸಲಕ್ಕೇ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಅಪಘಾತದ ಎಫ್‌ಐಆರ್ ಬೇರೆಯದೇ ಜಾತಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 281 ಎಂದರೆ ಅತಿವೇಗ, ಅಜಾಗರೂಕತೆಯ ಚಾಲನೆ. ಗಾಯವಾಗಿದ್ದರೆ 125, ಸಾವಾಗಿದ್ದರೆ 106(1). ಈ ಕೊನೆಯದಕ್ಕೆ ಹಿಂದೆ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಈಗ ಐದು ವರ್ಷ. 281ಕ್ಕೆ ಸಾವಿರ ರೂಪಾಯಿ ದಂಡದಲ್ಲೂ ಬಿಡಬಹುದು, ನಿಜ. ಆದರೆ ದಂಡವೇ ಆದರೂ ಅದು ಕ್ರಿಮಿನಲ್ ಅಪರಾಧಕ್ಕೆ ಆದ ಶಿಕ್ಷೆ. ನಾಳೆ ಸರ್ಕಾರಿ ಕೆಲಸಕ್ಕೆ, ಸಾರಿಗೆ ಸಂಸ್ಥೆಯ ಚಾಲಕ ಹುದ್ದೆಗೆ ಅರ್ಜಿ ಹಾಕಿದಾಗ ಪೊಲೀಸ್ ಪರಿಶೀಲನೆಯಲ್ಲಿ ಅದು ಮೇಲೆ ಬರುತ್ತದೆ. ಗಾಯಾಳು ಪರಿಹಾರಕ್ಕೆ ಹಾಕಿದ ಕೇಸಿನಲ್ಲಿ ನಿಮ್ಮ ತಪ್ಪೊಪ್ಪಿಗೆಯನ್ನು ನಿಮ್ಮ ಎದುರಿಗೇ ಇಡುತ್ತಾರೆ. ಇನ್ಶೂರೆನ್ಸ್ ಅವಧಿ ಮುಗಿದಿದ್ದರೆ ಆ ಹಣ ಗಾಡಿ ಮಾಲೀಕನ ಕೈಯಿಂದಲೇ ಹೋಗಬೇಕು. ಒಪ್ಪಿಕೊಂಡ ಮೇಲೆ ಅಪೀಲಿಗೂ ಜಾಗ ಕಡಿಮೆ: ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎನ್ನಬಹುದೇ ಹೊರತು ತಪ್ಪು ಮಾಡಿಲ್ಲ ಎನ್ನುವಂತಿಲ್ಲ. ಗಾಯಾಳುವಿನ ಜೊತೆ ಊರಿನಲ್ಲಿ ರಾಜಿಯಾಯಿತು ಅಂದರೂ 281 ರಾಜಿಗೆ ಒಳಪಡುವ ಕಲಮಲ್ಲ.

ನಿಜವಾಗಿಯೂ ತಪ್ಪು ಮಾಡಿದವನು ಒಪ್ಪಿಕೊಂಡರೆ ನನ್ನ ತಕರಾರಿಲ್ಲ. ಹಾಗೆ ಮಾಡುವ ಮೊದಲ ಸಲದ ತಪ್ಪಿತಸ್ಥರಿಗೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವ 1958ರ ಪರಿವೀಕ್ಷಣಾ ಕಾಯ್ದೆಯ (ಪ್ರೊಬೇಷನ್) ಲಾಭ ಕೇಳಬಹುದು, ಅದು ಸಿಕ್ಕರೆ ಶಿಕ್ಷೆಯಿಂದ ಬರುವ ಅನರ್ಹತೆಯೂ ತಗಲುವುದಿಲ್ಲ. ನನ್ನ ಸಂಕಟ ತಪ್ಪಿಲ್ಲದವರು ಒಪ್ಪಿಕೊಳ್ಳುವುದರ ಬಗ್ಗೆ. ಗುದ್ದಿದ್ದು ನಿಮ್ಮ ಗಾಡಿಯೇ ಇರಬಹುದು. ಅಷ್ಟರಿಂದಲೇ ಅಜಾಗರೂಕತೆ ಸಾಬೀತಾಗುವುದಿಲ್ಲ, ಅದನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದು. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಡಿವೈಡರ್ ಸಂದಿಯಿಂದ ಯಾರೋ ದಿಢೀರನೆ ಅಡ್ಡ ಬಂದಿರಬಹುದು. ಸ್ಥಳ ಮಹಜರು, ನಕ್ಷೆ, ಗಾಡಿ ತಪಾಸಣೆಯ ಐಎಂವಿ ವರದಿ, ಗಾಯದ ಸರ್ಟಿಫಿಕೇಟು ಇವನ್ನು ಒಟ್ಟಿಗಿಟ್ಟು ಓದಿದರೆ ಕೇಸಿನ ಬಲ ತಿಳಿಯುತ್ತದೆ. ನೀವು ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟ್ ಮತ್ತು ದಾಖಲೆಗಳ ನಕಲನ್ನು ಪುಕ್ಕಟೆ ಕೊಡಬೇಕು ಎನ್ನುತ್ತದೆ ಸಿಆರ್‌ಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ. ನ್ಯಾಯಾಧೀಶರು ಆರೋಪ ಓದಿ ಕೇಳಿದಾಗ "ಸ್ವಾಮಿ, ವಕೀಲರನ್ನು ಇಟ್ಟುಕೊಳ್ಳಲು ಸಮಯ ಕೊಡಿ" ಎನ್ನುವುದು ಉದ್ಧಟತನವಲ್ಲ.

ಇದಕ್ಕೂ ಮೊದಲು ಸ್ಟೇಷನ್ ಇರುತ್ತದಲ್ಲ. ಮೇಲೆ ಹೇಳಿದ 281, 125, 106(1) ಎಲ್ಲವೂ ಜಾಮೀನು ಕೊಡಲೇಬೇಕಾದ ಕಲಂಗಳು. ಶೂರಿಟಿ ಸಿದ್ಧವಿದ್ದರೆ ಸ್ಟೇಷನ್ನಿನಲ್ಲೇ ಬಿಡಬೇಕು. ಏಳು ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಅದೇ ಸುರಕ್ಷಾ ಸಂಹಿತೆಯ 35(3)ರಡಿ ನೋಟಿಸು ಕೊಟ್ಟು ಕರೆಸಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ್ದು ನೋಟಿಸಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಸರಿಯಾಗಿ ಜಾರಿಯಾದ ನೋಟಿಸಿಗೆ ಮಾತ್ರ ತಪ್ಪಿಸಿಕೊಳ್ಳಬೇಡಿ, ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧಿಸಿದರೆ ಕಾರಣವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು. ಮನೆಯವರಿಗೆ ತಿಳಿಸಬೇಕು. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ನಿಮ್ಮ ಮೇಲೆ ಸಾಬೀತುಪಡಿಸಲು ಬರುವುದಿಲ್ಲ. ಆದರೂ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಯಾರು ಎಷ್ಟು ಒಳ್ಳೆಯ ಮಾತಿನಲ್ಲಿ ಕೇಳಿದರೂ ಹಾಕಬೇಡಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು ಏನಾದರೂ ಆದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಆರೋಪಿ ನೀವೇ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷವಾಗುವವರೆಗೆ ಡಿಎಲ್ ಇಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಎಷ್ಟೋ ಜನ ಒಪ್ಪಿಕೊಂಡುಬಿಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿರುವುದೇ ಅದಕ್ಕಾಗಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಬಹುದು. ಹೋಗುವಾಗ ಸಮನ್ಸ್, ಎಫ್‌ಐಆರ್ ನಕಲು, ಡಿಎಲ್, ಆರ್‌ಸಿ ಮತ್ತು ಅಪಘಾತದ ದಿನ ಚಾಲ್ತಿಯಲ್ಲಿದ್ದ ಇನ್ಶೂರೆನ್ಸ್ ಪಾಲಿಸಿ ಜೊತೆಗಿರಲಿ.