ದನ ಮೇಯುವ ಕಾಡು, ಮೇಯದ ಕಾಡು: ಹೂ-ಹುಳ ನೆಟ್‌ವರ್ಕ್ ಚಿತ್ರ ಓದೋದು ಹೇಗೆ

ಯಾವ ಹೂವಿಗೆ ಯಾವ ಹುಳ ಎಷ್ಟು ಸಲ ಬಂತು ಅಂತ ಎಣಿಸಿ ಕೋಷ್ಟಕ ಮಾಡಿದರೆ ಪರಾಗಸ್ಪರ್ಶ ನೆಟ್‌ವರ್ಕ್ ಸಿದ್ಧ. ಸಾಲಿಗೊಂದು ಗಿಡ, ಕಾಲಂಗೊಂದು ಹುಳ. ಕಲಿಯೋಕೆ ಒಳ್ಳೆಯ ಡೇಟಾ ಬೇಕಾದರೆ ಅರ್ಜೆಂಟೀನಾದ ನಹುಯೆಲ್ ಹುವಾಪಿ ಪ್ರದೇಶದ್ದನ್ನು ತಗೊಳ್ಳಿ. ಪರಿಸರ ವಿಜ್ಞಾನಿಗಳಾದ ಡಿಯೇಗೊ ವಾಸ್ಕೆಸ್ ಮತ್ತು ಡೇನಿಯಲ್ ಸಿಂಬರ್ಲಾಫ್ ಅಲ್ಲಿ 8 ಜಾಗಗಳಲ್ಲಿ ಎಣಿಸಿದ್ದರು. 4ರಲ್ಲಿ ದನ ಮೇಯುತ್ತಿದ್ದವು, 4ರಲ್ಲಿ ಇಲ್ಲ. ಆರ್ (R) ಅನ್ನೋ ಅಂಕಿಅಂಶದ ತಂತ್ರಾಂಶಕ್ಕೆ ಬೈಪಾರ್ಟೈಟ್ ಪ್ಯಾಕೇಜ್ ಹಾಕಿಕೊಂಡರೆ ಈ ಡೇಟಾ ಅದರ ಜೊತೆಗೇ ಬರುತ್ತದೆ.

ಮೊದಲು ಸಫಾರಿಲ್ಯಾಂಡ್ ಅನ್ನೋ ಒಂದೇ ಜಾಗ ನೋಡಿ. 9 ಜಾತಿಯ ಗಿಡ, 27 ಜಾತಿಯ ಹುಳ. ಅಂದರೆ 243 ಜೋಡಿ ಆಗಬಹುದಿತ್ತು. ಕಂಡಿದ್ದು 39 ಮಾತ್ರ. ಆ ಪ್ಯಾಕೇಜಿನ ಪ್ಲಾಟ್‌ವೆಬ್ ಅನ್ನೋ ಆಜ್ಞೆ ಕೊಟ್ಟರೆ ಕೆಳಗೆ ಗಿಡಗಳ ಪಟ್ಟಿ, ಮೇಲೆ ಹುಳಗಳ ಪಟ್ಟಿ, ನಡುವೆ ಭೇಟಿಯ ಲೆಕ್ಕಕ್ಕೆ ತಕ್ಕ ದಪ್ಪದ ಎಳೆಗಳು. ಅರಿಸ್ಟೊಟೀಲಿಯಾ ಚಿಲೆನ್ಸಿಸ್ ಗಿಡಕ್ಕೆ ಪೊಲಿಕಾನಾ ಅನ್ನೋ ಜೇನು 673 ಸಲ ಬಂದಿದೆ. ಚಿತ್ರದಲ್ಲಿ ಆ ಒಂದೇ ಎಳೆ ದಪ್ಪಗೆ ಜಾಗ ತಿಂದು, ಒಂದೆರಡು ಭೇಟಿಯ ಎಳೆಗಳು ಕೂದಲಿನಷ್ಟಾಗುತ್ತವೆ. ಅಂಥವಕ್ಕೆ ವಿಸ್‌ವೆಬ್ ಅನ್ನೋ ಇನ್ನೊಂದು ಆಜ್ಞೆ ಕೊಡುವ ಚೌಕಗಳ ಚಿತ್ರವೇ ವಾಸಿ.

ಎರಡು ಜಾಗ ಹೋಲಿಸುವಾಗ ಜಾಸ್ತಿ ಹುಷಾರಾಗಿರಬೇಕು. ಪ್ಲಾಟ್‌ವೆಬ್ ಪ್ರತಿ ಚಿತ್ರವನ್ನೂ ಪುಟದ ಅಗಲಕ್ಕೆ ಹಿಗ್ಗಿಸಿ ಕೂರಿಸುತ್ತದೆ. ಹಾಗಾಗಿ 100 ಭೇಟಿಯ ಜಾಗವೂ 1000 ಭೇಟಿಯ ಜಾಗವೂ ಒಂದೇ ಥರ ತುಂಬಿದಂತೆ ಕಾಣುತ್ತವೆ. ಒಟ್ಟು ಭೇಟಿಯನ್ನು ಪಕ್ಕದಲ್ಲಿ ಬರೆದುಬಿಡಿ. ಇನ್ನೊಂದು, ಎಳೆಗಳು ಕಡಿಮೆ ಅಡ್ಡಹಾಯಲಿ ಅಂತ ಅದು ಹೆಸರುಗಳ ಕ್ರಮವನ್ನೇ ಬದಲಿಸುತ್ತದೆ. ಒಂದರಲ್ಲಿ ಎಡಕ್ಕಿದ್ದ ಗಿಡ ಇನ್ನೊಂದರಲ್ಲಿ ಬಲಕ್ಕಿರುತ್ತದೆ, ನಾವು ಸುಮ್ನೆ 'ಎಷ್ಟೊಂದು ಬದಲಾಗಿದೆ' ಅಂದುಕೊಳ್ತೀವಿ. ಕ್ರಮವನ್ನು ನಾವೇ ಕೊಟ್ಟು, ಒಂದು ಗಿಡಕ್ಕೆ ಎರಡರಲ್ಲೂ ಒಂದೇ ಬಣ್ಣ ಹಾಕೋದು ಒಳ್ಳೇದು. ನನ್ನ ಕೇಳಿದರೆ ಉಳಿದ ಅಲಂಕಾರವೆಲ್ಲ ಆಮೇಲೆ.

ಆ 8 ಜಾಗಗಳಲ್ಲಿ ದನದ ಪರಿಣಾಮ ಎಲ್ಲಾ ಎಳೆಗಳ ಮೇಲೂ ಸಮನಾಗಿ ಬೀಳಲಿಲ್ಲ. ಹೆಚ್ಚು ಭೇಟಿ ಕಾಣುವ ಕೆಲವೇ ಪ್ರಭೇದಗಳ ಮೂಲಕ ನೆಟ್‌ವರ್ಕ್ ಬದಲಾಯಿತು. ಅಲ್‌ಸ್ಟ್ರೊಮೀರಿಯಾ ಔರಿಯಾ ಅನ್ನೋ ಹಳದಿ-ಕಿತ್ತಳೆ ಹೂವನ್ನೇ ನೋಡಿ. ದನಗಳ ತುಳಿತಕ್ಕೆ ಗಿಡಗಳು ವಿರಳವಾದವು. ಆಗ ಶಲಾಕಾಗ್ರದ (ಹೂವಿನಲ್ಲಿ ಪರಾಗ ಅಂಟಿಕೊಳ್ಳುವ ತುದಿಯ) ಮೇಲೆ ಬೇರೆ ಜಾತಿಯ ಪರಾಗದ ಪಾಲು ಹೆಚ್ಚಿ ಬೀಜ ಕಡಿಮೆಯಾಯಿತು. ಇದು ಎಳೆಯ ದಪ್ಪ ನೋಡಿದರೆ ಗೊತ್ತಾಗೋದಲ್ಲ, ಭೇಟಿಯ ಕೋಷ್ಟಕದಲ್ಲಿ ಪರಾಗದ ಲೆಕ್ಕವೇ ಇಲ್ಲ ಅಲ್ವಾ? ಅದಕ್ಕೆ ಶಲಾಕಾಗ್ರಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರಾಗ ಎಣಿಸಬೇಕು.