ಪೆನ್ ಕಡೆಯುವಾಗ ಮರ ಸಿಡಿಯುವುದೇಕೆ?

ಪ್ರಶ್ನೆ: ಮನೆಯಲ್ಲಿ ಮರವನ್ನು ತಿರುಗಿಸಿ ಕಡೆಯುವ ಚಿಕ್ಕ ಲೇತ್ ಯಂತ್ರ ಇಟ್ಟುಕೊಂಡು ಮರದ ಪೆನ್ ಮಾಡುವುದನ್ನು ಕಲಿಯುತ್ತಿದ್ದೇನೆ. ಚೌಕ ತುಂಡು ದುಂಡಗಾಗುವವರೆಗೆ ಎಲ್ಲವೂ ಸರಿಯಾಗಿರುತ್ತದೆ. ಇನ್ನೇನು ಅಳತೆಗೆ ಬಂತು ಎನ್ನುವಷ್ಟರಲ್ಲಿ ಒಂದು ಚೂರು ಸಿಡಿದುಹೋಗಿ ಒಳಗೆ ಅಂಟಿಸಿದ ಹಿತ್ತಾಳೆ ಕೊಳವೆ ಕಾಣುತ್ತದೆ. ನಾನು ಉಳಿ ಹಿಡಿಯುವ ರೀತಿಯೇ ತಪ್ಪೇ?

ಉತ್ತರ: ಉಳಿಯ ಪಾಲೂ ಇರಬಹುದು. ಆದರೆ ಹೊಸಬರ ಕೈಯಲ್ಲಿ ಪೆನ್ ಸಿಡಿಯಲು ಕಾರಣವಾಗುವ ದೋಷ ಹೆಚ್ಚಿನ ಸಲ ಲೇತ್ ತಿರುಗುವ ಮೊದಲೇ ತುಂಡಿನೊಳಗೆ ಸೇರಿಕೊಂಡಿರುತ್ತದೆ. ಅದು ಮರ ಒಣಗಿಸುವಾಗ, ತೂತು ಕೊರೆಯುವಾಗ, ಕೊಳವೆ ಅಂಟಿಸುವಾಗ ಅಥವಾ ತುದಿ ಮಟ್ಟ ಮಾಡುವಾಗ ಆದ ದೋಷ. ಕಡೆಯುವ ಕೆಲಸ ಅದನ್ನು ಬಯಲು ಮಾಡುತ್ತದೆ, ಅಷ್ಟೆ.

ಮೊದಲು ಅಳತೆ ನೋಡೋಣ. ಹೊಸಬರು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಸ್ಲಿಮ್‌ಲೈನ್ ಎಂಬ ಕಿಟ್, ಅಂದರೆ ಪೆನ್ನಿನ ಬಿಡಿಭಾಗಗಳ ಸೆಟ್. ಅದರ ಹಿತ್ತಾಳೆ ಕೊಳವೆಯ ಹೊರವ್ಯಾಸ ಸುಮಾರು 7 ಮಿ.ಮೀ. ಕಡೆಯುವಾಗ ತುಂಡಿನ ಎರಡು ಪಕ್ಕ ಕೂರಿಸುವ, ಎಲ್ಲಿಯವರೆಗೆ ಕಡೆಯಬೇಕೆಂದು ತೋರಿಸುವ ಲೋಹದ ಬಳೆಗಳೇ ಬುಶ್‌ಗಳು, ಅವುಗಳ ವ್ಯಾಸ 8.3 ಮಿ.ಮೀ. ಆಸುಪಾಸು. ಮರವನ್ನು ಬುಶ್‌ನ ಮಟ್ಟಕ್ಕೆ ಇಳಿಸಿದಾಗ ಕೊಳವೆಯ ಮೇಲೆ ಉಳಿಯುವುದು ಮುಕ್ಕಾಲು ಮಿಲಿಮೀಟರಿಗಿಂತಲೂ ತೆಳುವಾದ ಒಂದು ಪದರ, ಹೆಚ್ಚುಕಡಿಮೆ ಉಗುರಿನ ದಪ್ಪ. ಅಷ್ಟು ತೆಳುವಾದ ಮರಕ್ಕೆ ಸ್ವಂತ ಬಲವೆಂಬುದಿಲ್ಲ. ಹಿತ್ತಾಳೆಗೆ ಎಲ್ಲ ಕಡೆಯೂ ಅಂಟಿಕೊಂಡಿರುವುದರಿಂದಲೇ ಅದು ನಿಲ್ಲುತ್ತದೆ. ಅಂಟು ತಲುಪದ ಜಾಗ ಒಂದೇ ಒಂದು ಇದ್ದರೂ ಅಲ್ಲಿ ಮರ ಪೊಳ್ಳಿನ ಮೇಲೆ ನಿಂತಿರುತ್ತದೆ. ತುಂಡು ದಪ್ಪವಾಗಿರುವಾಗ ಈ ಪೊಳ್ಳು ತಿಳಿಯುವುದಿಲ್ಲ, ತೆಳುವಾಗುತ್ತಿದ್ದಂತೆ ಉಳಿಯ ಮೊದಲ ತಾಕಿಗೇ ಎದ್ದುಹೋಗುತ್ತದೆ. ‘ಇನ್ನೇನು ಅಳತೆಗೆ ಬಂತು’ ಎನ್ನುವ ಹೊತ್ತಿನಲ್ಲೇ ಸಿಡಿಯುವುದಕ್ಕೆ ಇದೇ ಕಾರಣ.

ಆದ್ದರಿಂದ ಸಿಡಿದ ತುಂಡನ್ನು ಎಸೆಯಬೇಡಿ. ಲೇತ್ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಹಾರಿಹೋದ ಚೂರಿನ ಒಳಮೈಯನ್ನೂ ಕೊಳವೆಯ ಹೊರಮೈಯನ್ನೂ ಒಟ್ಟಿಗೆ ಪರೀಕ್ಷಿಸಬೇಕು. ಎರಡರಲ್ಲೂ ಅಂಟಿನ ಗುರುತೇ ಇಲ್ಲದೆ ಹಿತ್ತಾಳೆ ಬೋಳಾಗಿ ಹೊಳೆಯುತ್ತಿದ್ದರೆ ಅಂಟು ಅಲ್ಲಿಗೆ ತಲುಪಿಯೇ ಇಲ್ಲ. ಅಂಟು ಮರದಲ್ಲಿ ಉಳಿದು ಹಿತ್ತಾಳೆಯಿಂದ ಸಲೀಸಾಗಿ ಬಿಟ್ಟುಕೊಂಡಿದ್ದರೆ ಕೊಳವೆಯನ್ನು ಉಜ್ಜಿ ಒರಟು ಮಾಡಿಲ್ಲ. ಅಂಟು ಹಿತ್ತಾಳೆಯ ಮೇಲೇ ಉಳಿದು ಮರದಿಂದ ಬಿಟ್ಟಿದ್ದರೆ ಮರದಲ್ಲಿ ಎಣ್ಣೆಯಂಶವೋ, ತೂತಿನಲ್ಲಿ ಹುಡಿಯೋ ಇತ್ತು. ಕೊಳವೆಯ ಮೇಲೆ ಮರದ ನಾರುಗಳು ಅಂಟಿಕೊಂಡೇ ಇದ್ದು ಮೇಲಿನ ಪದರ ಮಾತ್ರ ಹರಿದಿದ್ದರೆ ಅಂಟಿನ ತಪ್ಪಲ್ಲ, ಉಳಿ ಮೊಂಡಾಗಿದೆ ಅಥವಾ ಒಂದೇ ಸಲಕ್ಕೆ ಹೆಚ್ಚು ಕಚ್ಚಿಸಿದ್ದೀರಿ. ನಿಮ್ಮ ಪ್ರಶ್ನೆಗೆ ಯಾವ ಪುಸ್ತಕಕ್ಕಿಂತಲೂ ಖಚಿತವಾದ ಉತ್ತರ ಆ ಚೂರಿನಲ್ಲಿದೆ.

ಈಗ ಒಂದೊಂದನ್ನೇ ಸರಿಪಡಿಸೋಣ. ಮರ ಒಣಗಿರಬೇಕು, ಅದರಲ್ಲೂ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬರಿಗಣ್ಣನ್ನು ನಂಬಲಾಗದು. ಹತ್ತು ತುಂಡುಗಳನ್ನು ಕಟ್ಟಿ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಹಸಿ ಮರದಲ್ಲಿ ಮಾಡಿದ ಪೆನ್ ಲೇತ್ ಮೇಲೆ ಬಚಾವಾದರೂ ಬೇಸಿಗೆಯಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಮರ ಸುತ್ತಲೂ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ.

ಕೊರೆಯುವುದು ಅತ್ಯಂತ ಎಚ್ಚರ ಬೇಡುವ ಹಂತ. ಹೊಸಬರು ಉಳಿಗಳ ಸೆಟ್ಟಿಗೆ ಹಣ ಸುರಿದು ತೂತನ್ನು ಕೈಡ್ರಿಲ್‌ನಲ್ಲಿ ಮುಗಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಯಂತ್ರ ಅಥವಾ ಲೇತಿನ ಟೇಲ್‌ಸ್ಟಾಕ್‌ಗೆ (ಬಲತುದಿಯಲ್ಲಿ ಹಿಂದೆ ಮುಂದೆ ಸರಿಯುವ ಭಾಗ) ಸಿಗಿಸುವ, ಬಿಟ್ ಹಿಡಿಯುವ ಚಕ್ ಇಲ್ಲದೆ ನೇರವಾದ ತೂತು ಬರುವುದು ಕಷ್ಟ. ನಡುವೆ ಚೂಪು ಮೊನೆಯಿರುವ 7 ಮಿ.ಮೀ. ಬಿಟ್ ಬಳಸಿ. ಒಂದೊಂದು ಸೆಂಟಿಮೀಟರ್ ಇಳಿದಾಗಲೂ ಬಿಟ್ಟನ್ನು ಪೂರ್ತಿ ಹೊರಗೆಳೆದು ಹುಡಿ ತೆಗೆಯಿರಿ. ಹುಡಿ ತುಂಬಿದರೆ ಬಿಟ್ ಕಾಯುತ್ತದೆ, ಕಾದ ಮರ ಒಳಗೊಳಗೇ ಸೀಳುತ್ತದೆ, ಆ ಸೀಳು ನಿಮಗೆ ಕಾಣುವುದು ತುಂಡು ತೆಳುವಾದ ಮೇಲೆಯೇ. ಬಿಟ್ ಇನ್ನೊಂದು ತುದಿಯಿಂದ ಹೊರಬರುವಾಗ ಮರ ಕಿತ್ತುಬರುವುದೂ ಸಾಮಾನ್ಯ. ಅದಕ್ಕೆ ತುಂಡನ್ನು ಬೇಕಾದುದಕ್ಕಿಂತ ಉದ್ದವಾಗಿಯೇ ಇಟ್ಟುಕೊಂಡು, ಬಿಟ್ ಹೊರಬರುವ ಮೊದಲೇ ನಿಲ್ಲಿಸಿ, ಆಮೇಲೆ ಆ ತುದಿಯನ್ನು ಗರಗಸದಿಂದ ಕತ್ತರಿಸಿ ತೂತು ತೆರೆದರಾಯಿತು.

ಕೊಳವೆಯ ಹೊಳಪು ಪೂರ್ತಿ ಹೋಗುವಂತೆ ಉಪ್ಪುಕಾಗದದಿಂದ ಉಜ್ಜಿ. ಬೀಟೆಯಂಥ ಎಣ್ಣೆಯಂಶದ ಮರವಾದರೆ ತೂತನ್ನು ಅಸಿಟೋನ್‌ನಿಂದ ಒರೆಸಿ ಆರಲು ಬಿಡಿ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ನಿಜ, ಎಷ್ಟೋ ಸಲ ಕೊಳವೆ ಅರ್ಧ ದಾರಿಯಲ್ಲಿರುವಾಗಲೇ ಹಿಡಿದುಬಿಡುತ್ತದೆ. ಕಲಿಯುವವರಿಗೆ ನನ್ನ ಸಲಹೆ ಎರಡು ಟ್ಯೂಬಿನ ಎಪಾಕ್ಸಿ. ಕೊಳವೆಗೂ ತೂತಿನ ಒಳಗೋಡೆಗೂ ಸವರಿ, ಕೊಳವೆಯನ್ನು ತಿರುಗಿಸುತ್ತ ಹಿಂದೆ ಮುಂದೆ ಆಡಿಸುತ್ತ ಸೇರಿಸಿ, ಒಂದು ರಾತ್ರಿ ಬಿಡಿ. ಕೊಳವೆಯ ಬಾಯಿಗೆ ಮೊದಲೇ ಸ್ವಲ್ಪ ಮೇಣ ಒತ್ತಿದ್ದರೆ ಒಳಕ್ಕೆ ಅಂಟು ನುಗ್ಗುವುದಿಲ್ಲ.

ತುದಿ ಮಟ್ಟ ಮಾಡಲು ಟ್ರಿಮ್ಮರ್ ಎಂಬ ಸಾಧನವಿದೆ. ಅದರ ಸಲಾಕೆ ಕೊಳವೆಯೊಳಗೆ ಕೂರುತ್ತದೆ, ತಲೆಯಲ್ಲಿರುವ ಹಲ್ಲುಗಳು ಮರದ ತುದಿಯನ್ನು ಕೊಳವೆಗೆ ಲಂಬವಾಗಿ ಕೀಸುತ್ತವೆ. ಎರಡು ಸುತ್ತು ಹಾಕಿ ನೋಡಿ, ಮತ್ತೆರಡು ಸುತ್ತು ಹಾಕಿ ನೋಡಿ. ಮರದ ನಡುವೆ ಹಿತ್ತಾಳೆಯ ಅಂಚು ಪೂರ್ತಿ ಉಂಗುರವಾಗಿ ಮಿನುಗಿದ ಕ್ಷಣವೇ ನಿಲ್ಲಿಸಬೇಕು. ಮುಂದುವರಿಸಿದರೆ ಕೊಳವೆ ಗಿಡ್ಡವಾಗಿ, ಜೋಡಿಸಿದ ಮೇಲೆ ರೀಫಿಲ್ಲಿನ ಮೊನೆ ಒಳಹೋಗದು. ಕಡಿಮೆಯಾಗಿ ಉಂಗುರದ ಒಂದು ಪಕ್ಕ ಮಾತ್ರ ಮಿನುಗಿದ್ದರೆ ಬುಶ್ ವಾರೆಯಾಗಿ ಕೂರುತ್ತದೆ. ಆಮೇಲೆ ನಟ್ ಬಿಗಿದಾಗ ಮ್ಯಾಂಡ್ರೆಲ್ (ತುಂಡನ್ನೂ ಬುಶ್‌ಗಳನ್ನೂ ಪೋಣಿಸಿ ಹಿಡಿಯುವ ಲೋಹದ ಸಲಾಕೆ) ಬಾಗಿ ತುಂಡು ಅದುರುತ್ತದೆ, ತುದಿಯ ಮರ ಅಲ್ಲಿಂದಲೇ ಒಡೆಯುತ್ತದೆ. ಆ ನಟ್ಟನ್ನೂ ಬೆರಳಿನ ಬಿಗಿಗಿಂತ ಹೆಚ್ಚು ಬಿಗಿಯಬಾರದು, ಟೇಲ್‌ಸ್ಟಾಕ್ ತಾಕಿದರೆ ಸಾಕು.

ಇನ್ನು ಉಳಿ. ಹೊಸ ಉಳಿ ಅಂಗಡಿಯಿಂದ ಹರಿತವಾಗಿ ಬರುವುದು ಅಪರೂಪ, ಸಾಣೆ ಹಿಡಿಯದೆ ಶುರು ಮಾಡಲೇಬೇಡಿ. ತುಂಡು ದುಂಡಗಾಗುವವರೆಗೆ ನಿಮಿಷಕ್ಕೆ 1500 ಸುತ್ತಿನ ಆಸುಪಾಸು ಇರಲಿ, ನಂತರ 2500ರವರೆಗೆ ಏರಿಸಬಹುದು. ಉಳಿಯ ಇಳಿಜಾರು ಮೈಯನ್ನು ಮೊದಲು ಮರಕ್ಕೆ ತಾಗಿಸಿ, ಹಿಡಿಯನ್ನು ನಿಧಾನವಾಗಿ ಎತ್ತುತ್ತ ಬನ್ನಿ. ಅಂಚು ಕತ್ತರಿಸತೊಡಗಿದ ಕೂಡಲೇ ತೆಳುವಾದ ಸುರುಳಿಗಳು ಏಳುತ್ತವೆ, ಸದ್ದು ಒಂದೇ ಸಮನಾಗುತ್ತದೆ. ಸುರುಳಿಯ ಬದಲು ಹುಡಿ ಬರುತ್ತಿದ್ದರೆ, ಟಕಟಕ ಸದ್ದಾಗುತ್ತಿದ್ದರೆ ಉಳಿ ಕತ್ತರಿಸುತ್ತಿಲ್ಲ, ಮರವನ್ನು ಕೀಳುತ್ತಿದೆ. ದಪ್ಪ ಭಾಗದಿಂದ ಸಪುರ ಭಾಗದ ಕಡೆಗೇ ಚಲಿಸಿ. ಬುಶ್‌ನ ಮಟ್ಟಕ್ಕೆ ಇನ್ನೊಂದು ಮಿಲಿಮೀಟರ್ ಇರುವಾಗ ಲೇತ್ ನಿಲ್ಲಿಸಿ ಉಳಿಗೆ ಮತ್ತೊಮ್ಮೆ ಸಾಣೆ ಹಿಡಿಯಿರಿ. ಈ ಒಂದು ಅಭ್ಯಾಸ ಉಳಿಸುವಷ್ಟು ಪೆನ್‌ಗಳನ್ನು ಬೇರೆ ಯಾವ ಚಾತುರ್ಯವೂ ಉಳಿಸದು. ಕೊನೆಯ ಕೂದಲೆಳೆಯಷ್ಟನ್ನು ಉಪ್ಪುಕಾಗದಕ್ಕೆ ಬಿಡಿ, ಆಗ ವೇಗ ಇಳಿಸಿ. ಉಜ್ಜುವಾಗ ಏಳುವ ಬಿಸಿಯೂ ಗಟ್ಟಿ ಮರವನ್ನು ಬಿರಿಸುತ್ತದೆ.

ಚೂರು ಸಿಡಿಯುವ ಕೆಲಸವಿದು, ಮುಖ ಪೂರ್ತಿ ಮುಚ್ಚುವ ಕವಚವಿಲ್ಲದೆ ಲೇತ್ ಚಾಲೂ ಮಾಡಬಾರದು. ಕೈಗವಸು, ಸಡಿಲ ತೋಳು, ದುಪಟ್ಟಾ, ಬಳೆ ಯಾವುದೂ ಬೇಡ. ಪಾಲಿಶ್ ಹಚ್ಚಲು ಬಟ್ಟೆಯ ಬದಲು ಸುಲಭವಾಗಿ ಹರಿಯುವ ಟಿಶ್ಯೂ ಕಾಗದ ಬಳಸಿ, ಬಟ್ಟೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಬೀಟೆಯ ಹುಡಿ ಹಲವರಿಗೆ ಅಲರ್ಜಿ ತರುವುದರಿಂದ ಮಾಸ್ಕ್ ಇರಲಿ.

ಮರದ ಆಯ್ಕೆಯ ಬಗ್ಗೆ ಒಂದು ಮಾತು. ಬೀಟೆಯಿಂದ ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಮುಂದೂಡಿ. ಚನ್ನಪಟ್ಟಣದ ಕುಶಲಕರ್ಮಿಗಳು ಬೊಂಬೆಗೆ ಆಲೆ ಮರವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಬಿಳಿಯ, ನಯವಾದ, ಎಳೆ ಎದ್ದು ಕಾಣದ ಆ ಮರ ಉಳಿಗೆ ಒಲಿಯುತ್ತದೆ, ಬಿರಿಯುವ ಸ್ವಭಾವ ಕಡಿಮೆ. ಅವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೆ ಬಣ್ಣ ಕರಗಿಸಿ ಹಚ್ಚುವ ವಿಧಾನವನ್ನು ಅವಕಾಶ ಸಿಕ್ಕರೆ ಹತ್ತಿರದಿಂದ ನೋಡಿ. ಪೆನ್ನಿಗೆ ಹಚ್ಚುವ ಫ್ರಿಕ್ಷನ್ ಪಾಲಿಶ್‌ನ ಮೂಲವೂ ಅದೇ ಅರಗು. ಆಲೆ ಸಿಗದಿದ್ದರೆ ಬಡಗಿಯ ಅಂಗಡಿಯಲ್ಲಿ ಉಳಿದ ಹಲಸಿನ ಅಥವಾ ತೇಗದ ಚೂರುಗಳಾದರೂ ಸರಿ. ತೇಗ ಉಳಿಯನ್ನು ಬೇಗ ಮೊಂಡು ಮಾಡುತ್ತದೆ ಎಂಬುದು ನೆನಪಿರಲಿ.

ಈಗಾಗಲೇ ಸಿಡಿದಿರುವ ತುಂಡುಗಳ ಮಾತು ಉಳಿಯಿತು. ಚೂರು ಸಿಕ್ಕಿದ್ದರೆ ಅದರ ಜಾಗದಲ್ಲೇ ಕೂರಿಸಿ, ನೀರಿನಂತಹ ತೆಳು ಸೂಪರ್ ಗ್ಲೂ ಹನಿಸಿ, ಒಣಗಿದ ಮೇಲೆ ಹಗುರವಾಗಿ ಕಡೆಯಿರಿ, ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ಚೂರು ಕಳೆದಿದ್ದರೆ ಉಳಿದ ಮರವನ್ನೂ ಹಿತ್ತಾಳೆ ಕಾಣುವವರೆಗೆ ಕಡೆದು ತೆಗೆಯಿರಿ, ಕೊಳವೆಯನ್ನು ಮತ್ತೆ ಒರಟು ಮಾಡಿ ಹೊಸ ತುಂಡಿಗೆ ಅಂಟಿಸಿ. ಕೊಳವೆಯ ಉದ್ದ ಕಡಿಮೆಯಾಗದಿದ್ದರೆ ಕಿಟ್‌ನ ಉಳಿದ ಭಾಗಗಳೆಲ್ಲ ಹಾಗೆಯೇ ಉಪಯೋಗಕ್ಕೆ ಬರುತ್ತವೆ.