ಮಿರಜ್‌ನಲ್ಲಿ ಗಾಡಿ ಬದಲಾಯಿಸ್ತಿದ್ದ ಕಾಲ ಮತ್ತು ಜಾಫರ್ ಷರೀಫ್

2018ರ ನವೆಂಬರ್ 24ರ ರಾತ್ರಿ ಅಂಬರೀಶ್ ತೀರ್ಕೊಂಡ್ರು. ಮಾರನೇ ದಿನ ಭಾನುವಾರ, ಮನೆಮನೇಲೂ ಟಿವಿ ಆನ್, ಯಾವ ಚಾನೆಲ್ ಹಾಕಿದ್ರೂ ಅಂಬರೀಶ್ ಒಬ್ರೇ. ಅದೇ ಭಾನುವಾರ ಬೆಂಗಳೂರಲ್ಲೇ ಇನ್ನೊಬ್ರು ಹೋದ್ರು, ಎಂಟು ಸಲ ಲೋಕಸಭೆಗೆ ಗೆದ್ದವರು, ನಾಲ್ಕು ವರ್ಷಕ್ಕೂ ಮೇಲೆ ರೈಲ್ವೆ ಮಂತ್ರಿ ಆಗಿದ್ದವರು. ಸಿ.ಕೆ. ಜಾಫರ್ ಷರೀಫ್. ಸ್ಕ್ರೀನ್ ಕೆಳಗಡೆ ಪಟ್ಟೀಲಿ ಒಂದು ಸಾಲು ಓಡ್ತಿತ್ತು ಅಷ್ಟೇ, ನಾನೂ ಅದನ್ನ ಎರಡನೇ ಸಲ ಬಂದಾಗ ಗಮನಿಸಿದ್ದು. ಇವತ್ತು ಮೈಸೂರಿಂದ ಚೆನ್ನೈಗೋ ಹುಬ್ಬಳ್ಳಿಯಿಂದ ಮುಂಬೈಗೋ ಒಂದೇ ಬೋಗಿಲಿ ಮಲ್ಕೊಂಡು ಹೋಗೋರಿಗೆ ಆ ಮನುಷ್ಯನ ಕಥೆ ಗೊತ್ತಿರಬೇಕು ಅನ್ಸುತ್ತೆ, ಆದ್ರೆ ಅದನ್ನ ಹೇಳ್ಬೇಕಂದ್ರೆ ಮೊದಲು ಹಳಿ ಕಥೆ ಹೇಳ್ಬೇಕು.

ಬೆಂಗಳೂರಿಗೆ ಮೊದಲು ರೈಲು ಬಂದಿದ್ದು 1864ರಲ್ಲಿ, ಜೋಲಾರ್‌ಪೇಟೆ ಕಡೆಯಿಂದ ಕಂಟೋನ್ಮೆಂಟ್‌ಗೆ, ಅದು ಬ್ರಾಡ್‌ಗೇಜ್, ಅಂದ್ರೆ ಎರಡು ಹಳಿ ಮಧ್ಯೆ 1676 ಮಿಲಿಮೀಟರ್. ಆಮೇಲೆ 1870ರ ಹೊತ್ತಿಗೆ ವೈಸ್‌ರಾಯ್ ಮೇಯೋ ಕಾಲದಲ್ಲಿ, ಇಷ್ಟು ಅಗಲದ ಹಳಿ ದುಬಾರಿ ಆಯ್ತು, ಇನ್ಮೇಲೆ ಒಂದು ಮೀಟರ್ ಸಾಕು ಅಂತ ತೀರ್ಮಾನ ಆಯ್ತು. 1876-78ರ ದೊಡ್ಡ ಬರ ಬಂತಲ್ಲ, ಆಗ ಬರಗಾಲದ ಕಾಮಗಾರಿ ಅಂತ ಮೈಸೂರು ಲೈನಿಗೆ ಜನ ಮಣ್ಣು ಹೊತ್ರು, ಆ ಲೈನು ಮೀಟರ್‌ಗೇಜ್. ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆಗೆ ಹಾಕಿದ್ದೂ ಮೀಟರ್‌ಗೇಜೇ. ಚಿಕ್ಕಬಳ್ಳಾಪುರ-ಕೋಲಾರದ ಕಡೆಗೆ ಹಾಕಿದ್ದು ಇನ್ನೂ ಸಣ್ಣದು, ಎರಡೂವರೆ ಅಡಿ ನ್ಯಾರೋಗೇಜ್. ಉಳಿತಾಯ ಅಂತ ಶುರು ಮಾಡಿದ್ದು ನೂರು ವರ್ಷ ನಮ್ಮ ತಲೆ ಮೇಲೆ ಕೂತ್ಕೊಳ್ತು.

ತಲೆ ಮೇಲೆ ಅಂದ್ರೆ ಅಕ್ಷರಶಃ ತಲೆ ಮೇಲೆ. ನಮ್ಮ ದೊಡ್ಡಪ್ಪ ಮುಂಬೈಲಿದ್ರು, ನಾವು ಹುಬ್ಬಳ್ಳಿಯಿಂದ ಹೋಗೋದು, ಮಿರಜ್ ಬಂದ್ರೆ ಎಲ್ರೂ ಇಳೀಬೇಕು ಯಾಕಂದ್ರೆ ಮೀಟರ್‌ಗೇಜ್ ಅಲ್ಲಿಗೆ ಮುಗೀತು. ಅಮ್ಮ ನಿದ್ದೆಗಣ್ಣಲ್ಲಿದ್ದ ತಮ್ಮನ್ನ ಹೆಗಲಿಗೆ ಹಾಕ್ಕೊಂಡು, ಅಪ್ಪ ಹೋಲ್ಡಾಲ್ ಎಳ್ಕೊಂಡು, ಟ್ರಂಕು ಕೂಲಿ ತಲೆ ಮೇಲೆ, ರೊಟ್ಟಿ ಗಂಟು ನನ್ನ ಕೈಲಿ, ಆ ಕಡೆ ನಿಂತಿರೋ ದೊಡ್ಡ ಗಾಡಿ ಕಡೆಗೆ ಓಟ. ಆ ಬ್ರಾಡ್‌ಗೇಜ್ ಬೋಗಿ ಮೆಟ್ಟಿಲು ನನಗೆ ಎಟುಕ್ತಾನೇ ಇರಲಿಲ್ಲ. ನಮ್ಮದಾದ್ರೂ ಒಂದು ಟ್ರಂಕು, ಗೂಡ್ಸ್ ಗಾಡಿ ಪಾಡು ಯೋಚನೆ ಮಾಡಿ. ಗೇಜ್ ಬದಲಾಗೋ ಕಡೆಯೆಲ್ಲ ಒಂದು ವ್ಯಾಗನ್‌ನಿಂದ ಮೂಟೆ ಇಳಿಸಿ ಪಕ್ಕದ ವ್ಯಾಗನ್‌ಗೆ ಹಮಾಲರು ಹೊರ್ಬೇಕು, ಸಿಮೆಂಟು, ಗೊಬ್ಬರ, ಅಕ್ಕಿ ಎಲ್ಲಾನೂ. ಒಡೆದು ಚೆಲ್ಲಿದ್ದೆಷ್ಟೋ, ಕಾದು ನಿಂತ ದಿನ ಎಷ್ಟೋ.

ಈಗ ಷರೀಫ್. ಹುಟ್ಟಿದ್ದು 1933ರಲ್ಲಿ ಚಳ್ಳಕೆರೆ, ಸಿ.ಕೆ.ಯಲ್ಲಿರೋ 'ಸಿ' ಅದೇ ಊರು. ಚಿತ್ರದುರ್ಗದ ಕಡೆಯವರಾದ್ದರಿಂದ ನಿಜಲಿಂಗಪ್ಪನವರ ಗರಡೀಲಿ ಬೆಳೆದ್ರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರಾಗಿದ್ದವರು ಇದೇ ನಿಜಲಿಂಗಪ್ಪ, ಆದ್ರೆ ಶಿಷ್ಯ ಹೋಗಿದ್ದು ಇಂದಿರಾ ಕಡೆಗೆ. ಕಾರಲ್ಲಿ ಹಿರಿಯರು ಮಾತಾಡ್ಕೊಂಡಿದ್ದನ್ನ ಕೇಳಿಸ್ಕೊಂಡು ಇಂದಿರಾಗೆ ಮುಟ್ಟಿಸಿದ್ರು ಅಂತ ಒಂದು ಕಥೆ ರಾಜಕೀಯದವರ ಬಾಯಲ್ಲಿ ಇವತ್ತಿಗೂ ಓಡಾಡುತ್ತೆ, ಎಷ್ಟು ನಿಜವೋ ಎಷ್ಟು ಮಸಾಲೆಯೋ. 1971ರಲ್ಲಿ ಕನಕಪುರದಿಂದ ಲೋಕಸಭೆಗೆ, 1977ರಿಂದ ಬೆಂಗಳೂರು ಉತ್ತರ. ಆ 77ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿ ಹೋಗಿತ್ತು, ಇಲ್ಲಿ ಮಾತ್ರ 28ರಲ್ಲಿ 26 ಸೀಟು. 1980ರಲ್ಲಿ ಇಂದಿರಾ ವಾಪಸ್ ಬಂದಾಗ ಇವರು ರೈಲ್ವೆ ರಾಜ್ಯ ಮಂತ್ರಿ. ಯಲಹಂಕದ ಗಾಲಿ-ಅಚ್ಚು ಕಾರ್ಖಾನೆ ಶುರುವಾಗಿದ್ದು ಆ ಅವಧೀಲೇ, 1984ರಲ್ಲಿ.

ಅದೇ 1984ರ ಡಿಸೆಂಬರ್ ಚುನಾವಣೆ ನನಗೆ ತುಂಬಾ ಇಷ್ಟವಾದ ಭಾಗ. ಬೆಂಗಳೂರು ಉತ್ತರದಲ್ಲಿ ಷರೀಫ್ ಎದುರು ನಿಂತಿದ್ದು ಜಾರ್ಜ್ ಫರ್ನಾಂಡಿಸ್, ಮಂಗಳೂರಿನವರು, 1974ರ ರೈಲ್ವೆ ಮುಷ್ಕರದಲ್ಲಿ ಇಡೀ ದೇಶದ ಗಾಡಿ ನಿಲ್ಲಿಸಿದವರು. ಇಂದಿರಾ ಹತ್ಯೆ ಆಗಿ ಎರಡು ತಿಂಗಳೂ ಆಗಿರಲಿಲ್ಲ, ಅಲೆ ಇತ್ತು, ಫರ್ನಾಂಡಿಸ್ ಸೋತ್ರು. (ಮೂರು ತಿಂಗಳಿಗೆ ಇದೇ ಜನ ವಿಧಾನಸಭೇಲಿ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ರು, ನಮ್ಮ ಮತದಾರರ ಲೆಕ್ಕಾಚಾರ ಯಾರಿಗೂ ಸಿಗಲ್ಲ ಬಿಡಿ.) ತಮಾಷೆ ಏನಪ್ಪಾ ಅಂದ್ರೆ ಮುಂದೆ ಇಬ್ರೂ ರೈಲ್ವೆ ಮಂತ್ರಿ ಆದ್ರು. ಸೋತವರು ಮೊದಲು, 1989ರಲ್ಲಿ, ಒಂದು ವರ್ಷ ಇದ್ದು ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟು ಹೋದ್ರು. ಗೆದ್ದವರು 1991ರಲ್ಲಿ ನರಸಿಂಹ ರಾವ್ ಸರ್ಕಾರದಲ್ಲಿ.

ಆಗ ದೇಶದಲ್ಲಿ ಸುಮಾರು 62 ಸಾವಿರ ಕಿಲೋಮೀಟರ್ ರೈಲು ಮಾರ್ಗ, ಅದರಲ್ಲಿ 23 ಸಾವಿರಕ್ಕೂ ಜಾಸ್ತಿ ಮೀಟರ್‌ಗೇಜ್. ಹಿಂದಿನವರೂ ಗೇಜ್ ಬದಲಾಯಿಸ್ತಿದ್ರು, ವರ್ಷಕ್ಕೆ ಒಂದಿಷ್ಟು, ಅಲ್ಲೊಂದು ತುಂಡು ಇಲ್ಲೊಂದು ತುಂಡು. ಷರೀಫ್ ಬಂದು ಏಕ ಗೇಜ್ ಯೋಜನೆ ಅಂತ ಹೆಸರಿಟ್ಟು 1992ರ ಏಪ್ರಿಲ್‌ನಿಂದ ಎಂಟನೇ ಪಂಚವಾರ್ಷಿಕ ಯೋಜನೇಲಿ ಆರು ಸಾವಿರ ಕಿಲೋಮೀಟರ್ ಬ್ರಾಡ್‌ಗೇಜ್ ಮಾಡ್ತೀವಿ ಅಂದ್ರು. ಅದೂ ದೇಶದ ಬೊಕ್ಕಸ ಬರಿದಾಗಿ ಚಿನ್ನ ಅಡ ಇಟ್ಟ ಮಾರನೇ ವರ್ಷ. ಹಠ ಅಂದ್ರೆ ಹಠ. ಕರ್ನಾಟಕದ ತುಂಬಾ ಮೀಟರ್‌ಗೇಜ್ ಇದ್ದಿದ್ದರಿಂದ ಸಹಜವಾಗೇ ಇಲ್ಲಿ ಕೆಲಸ ಜಾಸ್ತಿ ಆಯ್ತು, ತವರಿಗೆ ಹೊತ್ಕೊಂಡು ಹೋಗ್ತಿದ್ದಾರೆ ಅನ್ನೋ ಮಾತೂ ಬಂತು. ಬೆಂಗಳೂರು-ಮೈಸೂರು ಬ್ರಾಡ್‌ಗೇಜ್ ಆಯ್ತು, 1994ರಲ್ಲಿ ಚೆನ್ನೈ ಶತಾಬ್ದಿ ಮೈಸೂರಿಗೇ ಬಂತು. ಹುಬ್ಬಳ್ಳಿ ಲೈನು ಆಯ್ತು, ಮಿರಜ್ ಓಟ ನಿಂತೋಯ್ತು. ನೂರು ವರ್ಷದ ತಪ್ಪನ್ನ ಐದು ವರ್ಷದಲ್ಲಿ ತಿದ್ದೋಕೆ ಹೋದ್ರು, ನನ್ನ ಲೆಕ್ಕದಲ್ಲಿ ಅದು ಸರಿಯಾದ ಕೆಲಸ.

ಆದ್ರೆ ಹಳಿ ಕೀಳೋದು ಸುಲಭ, ಹಾಕೋದಕ್ಕೆ ದುಡ್ಡು ಬೇಕು. ಹಾಸನ-ಮಂಗಳೂರು ಲೈನ್ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ, 57 ಸುರಂಗ, ವರ್ಷಗಟ್ಟಲೆ ಬಂಡೆ ಕೊರೆದು 1979ರಲ್ಲಿ ಓಪನ್ ಮಾಡಿದ್ದು, ಅದನ್ನೂ ಮೀಟರ್‌ಗೇಜಲ್ಲೇ ಹಾಕಿದ್ರು ಪುಣ್ಯಾತ್ಮರು. ಹದಿನೈದು ಹದಿನಾರು ವರ್ಷ ಓಡಿರಬಹುದು, 90ರ ದಶಕದ ಮಧ್ಯದಲ್ಲಿ ಗೇಜ್ ಪರಿವರ್ತನೆ ಅಂತ ಮುಚ್ಚಿದ್ರು. ಮುಚ್ಚಿದ್ದು ಮುಚ್ಚಿದ್ದೇ. ಷರೀಫ್ 1995ರಲ್ಲಿ ಮಂತ್ರಿಗಿರಿ ಬಿಟ್ರು, ಆಮೇಲೆ ಬಂದ ರೈಲ್ವೆ ಮಂತ್ರಿಗಳಿಗೆ ಅವರವರ ರಾಜ್ಯದ ಚಿಂತೆ. ಕೊನೆಗೆ ಈ ಲೈನಿಗೋಸ್ಕರಾನೇ ಒಂದು ಕಂಪನಿ ಮಾಡಿ ದುಡ್ಡು ಹೊಂದಿಸ್ಬೇಕಾಯ್ತು, 2006ರಲ್ಲಿ ಗೂಡ್ಸ್ ಬಿಟ್ರು, ಪ್ಯಾಸೆಂಜರ್ ಗಾಡಿ ಬಂದಿದ್ದು 2007ರ ಡಿಸೆಂಬರ್‌ಗೆ. ಅಷ್ಟು ವರ್ಷ ಘಾಟಿ ದಾಟಬೇಕಂದ್ರೆ ಶಿರಾಡಿ ರಸ್ತೆ, ಅದರ ಗುಂಡಿ ಬಗ್ಗೆ ಹೇಳೋಕೆ ಹೋದ್ರೆ ಬೇರೆ ಲೇಖನಾನೇ ಬೇಕು. ಕೋಲಾರದವರು ಇನ್ನೂ ಕಾದ್ರು, ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಬ್ರಾಡ್‌ಗೇಜ್ ಗಾಡಿ ಓಡಿದ್ದು 2013ರಲ್ಲಿ.

ವಿವಾದಗಳೂ ಇದ್ವು. ಎಬಿಬಿ ಕಂಪನಿಯಿಂದ ಎಲೆಕ್ಟ್ರಿಕ್ ಎಂಜಿನ್ ತರಿಸಿದ್ದಕ್ಕೆ ಆಗ ದೊಡ್ಡ ಗಲಾಟೆ, ಆದ್ರೆ ತಂತ್ರಜ್ಞಾನ ಸಮೇತ ಬಂದ ಆ ಎಂಜಿನ್‌ಗಳ ವಂಶಾನೇ ಇವತ್ತೂ ನಮ್ಮ ಗೂಡ್ಸ್ ಗಾಡಿ ಎಳೀತಿರೋದು. ಲಂಡನ್‌ಗೆ ಚಿಕಿತ್ಸೆಗೆ ಹೋದಾಗ ಸರ್ಕಾರಿ ನೌಕರರನ್ನ ಕರ್ಕೊಂಡು ಹೋದ್ರು ಅಂತ ಸಿಬಿಐ ಕೇಸು ಬಿತ್ತು, ಅದನ್ನ 2012ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು.

ಓಟಿನ ಲೆಕ್ಕ ಮಾತ್ರ ಕೈಕೊಡ್ತು. 1998, 99ರಲ್ಲಿ ಗೆದ್ರು, 2004ರಲ್ಲಿ ಬಿಜೆಪಿಯ ಸಾಂಗ್ಲಿಯಾನಾ ಎದುರು ಸೋತ್ರು. 2009ರಲ್ಲಿ ಮತ್ತೆ ನಿಂತ್ರೆ ಎದುರಿಗೆ ಡಿ.ಬಿ. ಚಂದ್ರೇಗೌಡ್ರು, 1978ರಲ್ಲಿ ಇಂದಿರಾಗೆ ಚಿಕ್ಕಮಗಳೂರು ಸೀಟು ಬಿಟ್ಟುಕೊಟ್ಟವರು, ಈಗ ಬಿಜೆಪಿ ಕ್ಯಾಂಡಿಡೇಟ್. ಇಂದಿರಾಗೆ ಸೀಟು ಕೊಟ್ಟವರು, ಇಂದಿರಾಗೋಸ್ಕರ ಗುರುವನ್ನೇ ಬಿಟ್ಟವರ್ನ ಸೋಲಿಸಿದ್ರು.

ಸಕಲೇಶಪುರದಲ್ಲಿ ನಮ್ಮ ಸೋದರಮಾವ ಇದ್ದಾರೆ. ಲೈನ್ ಮುಚ್ಚಿದ್ದಷ್ಟು ವರ್ಷ ಹಳಿ ಮೇಲೆ ನಡ್ಕೊಂಡೇ ತೋಟಕ್ಕೆ ಹೋಗಿ ಅಭ್ಯಾಸ ಆಗಿತ್ತು. ಗಾಡಿ ಶುರುವಾದ ಮೇಲೆ ಒಂದ್ಸಲ ಎಲ್ರೂ ಸುಬ್ರಹ್ಮಣ್ಯಕ್ಕೆ ಹೊರಟ್ವಿ, ಹಗಲು ಗಾಡಿ, ಮಾವಂಗೆ ಕಿಟಕಿ ಸೀಟೇ ಬೇಕು. ಸುರಂಗ ಎಣಿಸ್ತೀನಿ ಅಂತ ಕೂತವರು ಹನ್ನೆರಡಕ್ಕೋ ಹದಿಮೂರಕ್ಕೋ ನಿದ್ದೆ ಹೋದ್ರು.